ಮಲ್ಲಟದಲ್ಲಿ ಒಂದು ದಿನ

ಕೃಷ್ಣಾ ತುಂಗಭದ್ರೆಗಳ ನಡುವಣ ಎರೆಯ ಸೀಮೆಯಲ್ಲಿ ಸಂಕ್ರಾಂತಿಯ ತರುವಾಯದ ದಿನಗಳು ಬಹು ರಮ್ಯವಾದುವು. ನಾವು ರಾಯಚೂರಿನಿಂದ ಸಿರವಾರದ ಮಾರ್ಗವಾಗಿ ಮಲ್ಲಟಕ್ಕೆ ಹೋದಾಗ ಹೊಲಗಳಲ್ಲಿ ಬಿಳಿಜೋಳದ ತೆನೆಗಳು ತೂಗುತ್ತಿದ್ದುವು; ಹೆಂಗಸರು ಮಡಿಲು ಕಟ್ಟಿಕೊಂಡು ಹತ್ತಿ ಬಿಡಿಸುತ್ತಿದ್ದರು. ಆ ಊರಿನಲ್ಲಿ ಉಪಾಧ್ಯಾಯರಾಗಿರುವ ನಮ್ಮ ಹಳೆಯ ಶಿಷ್ಯರು ಬಹುದಿನದಿಂದ ನಮ್ಮನ್ನು ಕರೆಯುತ್ತಿದ್ದರು.

ಸಂಜೆ ಅವರು ನಮ್ಮನ್ನು ತಮ್ಮ ವಿದ್ಯಾರ್ಥಿಯೊಬ್ಬನ ಮನೆಗೆ ಕರೆದೊಯ್ದರು. ಏಳು ವರ್ಷದ ಬಾಲಕ. ರಕ್ತದ ಅರ್ಬುದರೋಗ, ಜನರು ಬ್ಲಡ್ ಕ್ಯಾನ್ಸರ್ ಎನ್ನುವ ವ್ಯಾಧಿ. ತಂದೆತಾಯಿಗಳು ಕೂಲಿಯವರು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಚಿಕಿತ್ಸೆ ನಡೆದಿದ್ದಿತು. ಹುಡುಗನು ಅಂಗಳದಲ್ಲಿ ಗೋಲಿ ಆಡುತ್ತಿದ್ದನು. ಮುಂದಿನ ವಾಯಿದೆಗೆ ಹೋಗುವುದಿಲ್ಲವೆಂದು ತಂದೆಯು ನಿಶ್ಚಯಿಸಿದ್ದನು.

“ಔಷಧದ ರೊಕ್ಕ ಸರ್ಕಾರ ಕೊಡತೈತ್ರಿ ಮಾಸ್ತರ್ರ. ಆದ್ರ ನಾವಿಬ್ರೂ ಅಲ್ಲೇ ಕುಂತ್ರ ಮನ್ಯಾಗಿನ ಎರಡು ಹುಡುಗರಿಗೆ ರೊಟ್ಟಿ ಯಾರು ಹಾಕ್ತಾರ್ರೀ? ಇವ ಈಗ ಆಡಾಕ ಹತ್ಯಾನ. ಇನ್ನ ಸಾಕು ಅನಸ್ತೈತಿ.”

ಅಪಾಯವಿರುವುದು ಇಲ್ಲಿಯೇ. ಮಕ್ಕಳ ಅರ್ಬುದಗಳಲ್ಲಿ ರಕ್ತದ್ದೇ ಹೆಚ್ಚು. ಚಿಕಿತ್ಸೆ ಪೂರ್ತಿಯಾದರೆ ಗುಣ ಹೊಂದುವವರೂ ಬಹಳ. ಆದರೆ ಅದರ ಅವಧಿ ಎರಡು ಮೂರು ವರ್ಷ. ಮೊದಲ ತಿಂಗಳುಗಳಲ್ಲಿಯೇ ಜ್ವರವಿಳಿದು ಮಗು ಚೇತರಿಸಿಕೊಳ್ಳುವುದು. ಆಗ ವ್ಯಾಧಿಯು ಅಡಗಿರುವುದೇ ಹೊರತು ಅಳಿದಿರುವುದಿಲ್ಲ. ಆಗ ಬಿಟ್ಟರೆ ಅದು ಮರಳಿ ಬರುವುದು. ಮರಳಿದ ಮೇಲೆ ಗೆಲ್ಲುವುದು ಬಲುಕಷ್ಟ.

ಸರ್ಕಾರದ ನೆರವು ಅಲ್ಪವಲ್ಲ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಮೊತ್ತಮೊದಲು ಆರಂಭವಾದುದು ಈ ಕಲಬುರಗಿ ವಿಭಾಗದಲ್ಲಿಯೇ. 2018ರಿಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದ ಮೂಲಕ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾವೆಚ್ಚ ದೊರೆಯುವುದು. ಆಸ್ಪತ್ರೆಯ ಪ್ರಮಾಣಪತ್ರವನ್ನು ತೋರಿಸಿದರೆ ರೈಲಿನ ಸ್ಲೀಪರ್ ಡಬ್ಬಿಯಲ್ಲಿ ರೋಗಿಗೆ ದರವಿಲ್ಲ. ಜೊತೆಗಾರನಿಗೆ ನಾಲ್ಕರಲ್ಲಿ ಮೂರು ಪಾಲು ರಿಯಾಯಿತಿ. ಈ ತಂದೆಯು ಅದನ್ನರಿಯದೆ ಪ್ರತಿ ಸಲವೂ ಪೂರ್ಣ ದರ ತೆತ್ತಿದ್ದನು! 2023ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ತಾಯಿಯ ಪ್ರಯಾಣವೂ ಉಚಿತ. ಆದರೆ ತಪ್ಪಿದ ಕೂಲಿ, ಪರಸ್ಥಳದ ಊಟ, ಮನೆಯಲ್ಲುಳಿದ ಮಕ್ಕಳ ಪೋಷಣೆ ಇವು ಯಾವ ಕಾರ್ಡಿನಲ್ಲಿಯೂ ಬರೆದಿಲ್ಲ. ಬಡವರು ಸೋಲುವುದು ಈ ಸಣ್ಣ ವೆಚ್ಚಗಳಿಗೆ.

ರಾತ್ರಿ ಕಟ್ಟೆಯ ಮೇಲೆ ಹತ್ತೆಂಟು ಜನರು ಕೂಡಿದರು. ನಾವು ಉಪದೇಶ ಮಾಡಲಿಲ್ಲ, ಲೆಕ್ಕವನ್ನಷ್ಟೇ ಹೇಳಿದೆವು. ಪಕ್ಕದ ಮನೆಯ ವೃದ್ಧೆಯು, “ಹುಡುಗರು ನನ್ನ ಮನ್ಯಾಗ ಉಣ್ಣಲಿ” ಎಂದಳು. ಕಿರಾಣಿಯವರು ತಿಂಗಳ ಜೋಳ ಒಪ್ಪಿಕೊಂಡರು. ತಾಯಿಯು ಮಗನೊಡನೆ ಬೆಂಗಳೂರಿನ ಧರ್ಮಶಾಲೆಯಲ್ಲಿರುವುದು, ತಂದೆಯು ಊರಿನಲ್ಲಿ ಕೂಲಿ ಮಾಡುವುದು ಎಂದು ನಿಷ್ಕರ್ಷೆಯಾಯಿತು. ಕೊಟ್ಟವರ ಹೆಸರಿಲ್ಲದೆ ಹಣವನ್ನು ಮಾತ್ರ ಬರೆದಿಡಲು ನಮ್ಮ ಶಿಷ್ಯರು ಒಂದು ಪುಸ್ತಕ ಹೊಲಿದರು. ತಂದೆಯು ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ, “ಹಂಗಾದ್ರ ಸೋಮವಾರ ಹೊಂಡಸ್ತೀನ್ರಿ” ಎಂದನು.

ಮಾನ್ವಿಯ ಜಗನ್ನಾಥದಾಸರು ವ್ಯಾಧಿಗ್ರಸ್ತರಾಗಿದ್ದಾಗ ಗೋಪಾಲದಾಸರು ತಮ್ಮ ಆಯುಷ್ಯದಿಂದ 40 ವರ್ಷಗಳನ್ನು ಅವರಿಗೆ ದಾನವಿತ್ತರೆಂಬ ಐತಿಹ್ಯವು ಈ ಸೀಮೆಯಲ್ಲಿ ಮನೆಮಾತಾಗಿದೆ. ಅಂಥ ದಾನ ನಮ್ಮಂಥವರಿಗೆಲ್ಲಿಂದ ಸಾಧ್ಯ? ಆದರೆ ಒಂದು ದಿನದ ಕೂಲಿಯನ್ನೋ ಒಂದು ಸೇರು ಜೋಳವನ್ನೋ ಕೊಡಬಹುದು. ವಾಚಕರೇ, ನಿಮ್ಮ ಊರಿನಲ್ಲಿಯೂ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಅಂಗಳದಲ್ಲಿ ಆಡುತ್ತಿರುವ ಮಗುವಿರಬಹುದು. ಒಮ್ಮೆ ವಿಚಾರಿಸಿ ನೋಡಿರಿ.