ಇನ್ನೂರು ಸ್ಟೀಲ್ ತಟ್ಟೆಗಳು

ನಮ್ಮ ನ್ಯೂಜರ್ಸಿಯಲ್ಲಿ 2022ರ ಮೇ 4ರಿಂದ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೀಲ ಕೊಡುವುದು ನಿಂತಿತು. ದೊಡ್ಡ ಗ್ರಾಸರಿ ಅಂಗಡಿಗಳಲ್ಲಿ ಕಾಗದದ ಚೀಲವೂ ಇಲ್ಲ. ಆಗ ಅಕ್ಕಪಕ್ಕದವರು ಪರದಾಡುತ್ತಿದ್ದರೆ ನಮ್ಮ ಮನೆಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಊರಿನ ಜವಳಿ ಅಂಗಡಿಗಳ ಬಟ್ಟೆ ಚೀಲಗಳು ಕ್ಲಾಸೆಟ್ಟಿನಲ್ಲಿ ಎರಡು ತಲೆಮಾರಿಗೆ ಆಗುವಷ್ಟು ಇದ್ದವು. ನಮ್ಮ ಅತ್ತೆಯವರಂತೂ, "ತರಕಾರಿಗೆ ಹೋಗುವಾಗ ಚೀಲ ತಗೊಂಡು ಹೋಗಿ ಅನ್ನೋದಕ್ಕೂ ಇಲ್ಲಿ ಗವರ್ನರ್ ಸಹಿ ಹಾಕಬೇಕೇನೇ?" ಎಂದು ಕೇಳಿದರು.

ಮನೆಯ ಮಟ್ಟಿಗೆ ನಾವು ಕನ್ನಡಿಗರು ಅಷ್ಟೇನೂ ಕೆಟ್ಟವರಲ್ಲ ಎಂದೇ ನನ್ನ ಅಭಿಪ್ರಾಯ. ಮೊಸರಿನ ಡಬ್ಬಿ ನಮ್ಮಲ್ಲಿ ಹಲವು ಜನ್ಮ ಎತ್ತುತ್ತದೆ: ಮೊದಲು ಸಾರು, ಆಮೇಲೆ ಹುಳಿಪುಡಿ, ಕಡೆಗೆ ಬೇಸ್‌ಮೆಂಟಿನಲ್ಲಿ ಮೊಳೆ. ಅಕ್ಕಿ ತೊಳೆದ ನೀರು ಕರಿಬೇವಿನ ಕುಂಡಕ್ಕೆ, ಹಳೇ ಪಂಚೆ ಒರೆಸುವ ಬಟ್ಟೆಗೆ. ಇದನ್ನೆಲ್ಲ ಯಾರೂ ಪರಿಸರ ಉಳಿಸಬೇಕು ಅಂತ ಮಾಡುವುದಿಲ್ಲ. ಎಸೆಯಲು ಜೀವ ಒಪ್ಪುವುದಿಲ್ಲ, ಅಷ್ಟೆ.

ಆದರೆ ಅದೇ ನಾವು ಇನ್ನೂರು ಜನ ಒಂದು ಶಾಲೆಯ ಕೆಫೆಟೇರಿಯಾದಲ್ಲಿ ಸೇರಿದೆವೆಂದರೆ ಬೇರೆಯೇ ಜನ ಆಗಿಬಿಡುತ್ತೇವೆ! ಊಟಕ್ಕೊಂದು ತಟ್ಟೆ, ಪಾಯಸಕ್ಕೊಂದು ಬಟ್ಟಲು, ನೀರಿಗೊಂದು ಲೋಟ. ಆ ಲೋಟವನ್ನು ಎಲ್ಲೋ ಇಟ್ಟು ಮರೆತು ಇನ್ನೊಂದು, ಅದನ್ನೂ ಮರೆತು ಮತ್ತೊಂದು. ಯುಗಾದಿ ಊಟ ಮುಗಿದ ಮೇಲೆ ಕಪ್ಪು ಚೀಲಗಳನ್ನು ಹಿಂದಿನ ಡಂಪ್‌ಸ್ಟರ್‌ವರೆಗೆ ಹೊರುವ ಕೆಲಸ ಸ್ವಯಂಸೇವಕರ ಪಟ್ಟಿಯಲ್ಲಿ ಎಂದೂ ಇರುವುದಿಲ್ಲ. ಅದು ಎಷ್ಟು ಭಾರವೆಂದು ಪ್ರತಿ ವರ್ಷ ಹೊರುವ ಆ ನಾಲ್ಕೈದು ಜನರಿಗೇ ಗೊತ್ತು.

ಹಿಂದೆ ಎಲ್ಲ ಊಟವೂ ಬಿಳೀ ಫೋಮ್ ತಟ್ಟೆಯಲ್ಲೇ ನಡೆಯುತ್ತಿತ್ತು, ಅದೇ ನಮ್ಮೂರಿನವರು ಥರ್ಮೋಕೋಲ್ ಅನ್ನುವುದು. ಚೀಲ ನಿಲ್ಲಿಸಿದ ಅದೇ ಕಾನೂನು ಅದಕ್ಕೂ ಮಂಗಳ ಹಾಡಿತು. ಆಮೇಲೆ ಬಂದದ್ದು ಅಡಿಕೆ ಹಾಳೆಯ ತಟ್ಟೆ. ನಮಗೆಲ್ಲ ಎಷ್ಟು ಸಂತೋಷ ಅಂತೀರಿ! ಚಿಕ್ಕಂದಿನಲ್ಲಿ ತೋಟದಲ್ಲಿ ಹಾಳೆಯ ಮೇಲೆ ಕೂತು ಎಳೆಸಿಕೊಂಡು ಆಡಿದವರು, ಮುಟ್ಟಾಳೆ ಹಾಕಿಕೊಂಡ ಅಜ್ಜಂದಿರನ್ನು ಕಂಡವರು ನಮ್ಮ ಸಂಘದಲ್ಲಿ ಬೇಕಾದಷ್ಟು ಜನ ಇದ್ದಾರೆ. ಮರ ಕಡಿಯಬೇಕಿಲ್ಲ, ತಾನಾಗಿ ಉದುರಿದ ಹಾಳೆಯನ್ನು ನೆನೆಸಿ ತೊಳೆದು ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಅಂಟಿಲ್ಲ, ಬಣ್ಣವಿಲ್ಲ. ಇಪ್ಪತ್ತು ನಿಮಿಷದ ಊಟಕ್ಕೆ ಅದು ಸಾವಿರಾರು ಮೈಲಿ ಹಡಗಿನಲ್ಲಿ ಬರಬೇಕಿತ್ತು ಎಂಬುದೊಂದನ್ನು ಬಿಟ್ಟರೆ ಹೆಸರಿಡುವ ಹಾಗಿರಲಿಲ್ಲ.

2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಅಂದರೆ ಎಫ್‌ಡಿಎ, ಹಾಳೆ ತಟ್ಟೆಗಳನ್ನು ಇಲ್ಲಿ ಊಟಕ್ಕೆ ಬಳಸುವಂತಿಲ್ಲ ಎಂದು ಪ್ರಕಟಿಸಿತು. ಅಡಿಕೆ ಹಾಳೆಯಲ್ಲಿ ಸಹಜವಾಗಿಯೇ ಇರುವ ಅರೆಕೋಲಿನ್‌ನಂಥ ಆಲ್ಕಲಾಯ್ಡ್‌ಗಳು ಊಟಕ್ಕೆ ಇಳಿಯಬಹುದು ಎಂಬುದು ಕಾರಣ. ಸಾಗರದ ಕಡೆಯ ನನ್ನ ಓರಗಿತ್ತಿ ಫೋನಿನಲ್ಲಿ, "ನಮ್ಮ ತೋಟದ ಕೆಲಸ ಮುಗಿದ ಮೇಲೆ ಹಾಳೆಯಲ್ಲೇ ಊಟ ಮಾಡಿ ಬೆಳೆದೋರು ನಾವು, ನಮಗೇನಾಗಿದೆ?" ಎಂದು ಕೇಳಿದರು. ಏನೂ ಆಗಿಲ್ಲ, ನಿಜ. ಆದರೆ ಮುನ್ನೂರು ಜನರಿಗೆ, ಅದರಲ್ಲೂ ಬೇರೆಯವರ ಮಕ್ಕಳಿಗೆ ಬಡಿಸುವಾಗ "ನಮಗೇನೂ ಆಗಿಲ್ಲ" ಎನ್ನುವುದು ಉತ್ತರವಾಗುವುದಿಲ್ಲ.

ಹೀಗಾಗಿ ಕಾರ್ಯಕಾರಿ ಸಮಿತಿ ಸೇರಿತು. ಮೊದಲು ಬಂದ ಸಲಹೆ ಗೊಬ್ಬರವಾಗುವ ತಟ್ಟೆಗಳದ್ದು. ಡಬ್ಬದ ಮೇಲೆ ಹಸಿರು ಎಲೆಯ ಚಿತ್ರ ಇರುತ್ತದೆ, ನೋಡಲು ಚೆನ್ನ. ಆದರೆ ಅಂಥ ಎಷ್ಟೋ ತಟ್ಟೆ ಲೋಟಗಳು ಕರಗಬೇಕಾದರೆ ದೊಡ್ಡ ಗೊಬ್ಬರದ ಕಾರ್ಖಾನೆಯ ಬಿಸಿ ಬೇಕು, ಹಿತ್ತಲಿನ ಗುಂಡಿ ಸಾಲದು. ನಾವು ಊಟ ಮಾಡುವ ಶಾಲೆಯಲ್ಲಿ ಅಂಥ ಕಸವನ್ನು ಬೇರೆಯಾಗಿ ಒಯ್ಯುವ ಏರ್ಪಾಡೇ ಇಲ್ಲ. ಅಂದರೆ ಅದೂ ಲ್ಯಾಂಡ್‌ಫಿಲ್‌ಗೇ ಹೋಗಿ, ಗಾಳಿಯಾಡದೆ ಕೊಳೆತು ಮೀಥೇನ್ ಆಗುತ್ತದೆ. ಹೆಚ್ಚು ದುಡ್ಡು ಕೊಟ್ಟು ಮನಸ್ಸಿನ ಸಮಾಧಾನ ಕೊಂಡ ಹಾಗೆ ಎಂದರು ನಮ್ಮ ಖಜಾಂಚಿಗಳು. ದುಡ್ಡಿನ ವಿಷಯದಲ್ಲಿ ಅವರ ಮಾತು ತಪ್ಪುವುದು ಅಪರೂಪ.

ಆಗ ಯುವ ಸದಸ್ಯರೊಬ್ಬರು, "ತಟ್ಟೆ ಲೋಟ ಅವರವರೇ ಮನೆಯಿಂದ ತರಲಿ, ಆಮಂತ್ರಣದಲ್ಲೇ ಹಾಕಿಬಿಡೋಣ" ಎಂದರು. ಸರಳವಾದ ಮಾತು. ಎಲ್ಲರೂ ತಲೆ ಆಡಿಸುತ್ತಿದ್ದೆವು. ಮೂಲೆಯಲ್ಲಿ ಕೂತಿದ್ದ ನಮ್ಮ ಹಿರಿಯರೊಬ್ಬರು, ಎಪ್ಪತ್ತು ದಾಟಿದ ನಿವೃತ್ತ ಇಂಜಿನಿಯರು, ಮೆಲ್ಲಗೆ ಹೇಳಿದರು:

"ನಮ್ಮೂರಿನ ಹೋಟೆಲಿನಲ್ಲಿ ನಮ್ಮ ತಂದೆಯವರಿಗೆ ಲೋಟ ಬೇರೆ ಇತ್ತು. ಹೊರಗೆ ಗೋಡೆಯ ಗೂಡಿನಲ್ಲಿ ಇಟ್ಟಿರೋರು. ಕುಡಿದು, ತಾವೇ ತೊಳೆದು, ಅಲ್ಲೇ ಇಡಬೇಕು. ನಿಮ್ಮ ಲೋಟ ನೀವೇ ತನ್ನಿ ಅನ್ನೋ ಮಾತು ನನ್ನ ಕಿವಿಗೆ ಚೆನ್ನಾಗಿ ಕೇಳಿಸೋದಿಲ್ಲ."

ಇಪ್ಪತ್ತೈದು ವರ್ಷದಿಂದ ಅವರ ಜೊತೆ ಕೂತು ಊಟ ಮಾಡಿದ್ದೇವೆ. ಈ ಮಾತು ಯಾವತ್ತೂ ಬಂದಿರಲಿಲ್ಲ. ಯಾರಿಗೂ ಏನು ಹೇಳಬೇಕೋ ತೋಚಲಿಲ್ಲ. ಆ ಹುಡುಗ ಪಾಪ, "ಸರ್, ಹಾಗಲ್ಲ..." ಎಂದು ತಡವರಿಸಿದ. ಅವರು, "ನಿನ್ನ ತಪ್ಪಲ್ಲಪ್ಪ, ನೀನು ಹುಟ್ಟಿದ್ದು ಎಡಿಸನ್ನಿನಲ್ಲಿ" ಎಂದು ನಕ್ಕರು.

ಮನೆಗೆ ಬಂದರೂ ನನಗೆ ಅದೇ ಯೋಚನೆ. ನಮ್ಮ ಹಿರಿಯರು ಎಷ್ಟು ಪರಿಸರ ಪ್ರೇಮಿಗಳಾಗಿದ್ದರು, ಬಾಳೆ ಎಲೆ, ಮುತ್ತುಗದ ಎಲೆ, ತೆಂಗಿನ ಚಿಪ್ಪು ಅಂತ ಇಂಥ ಸಂಚಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ನಮ್ಮ ಅಜ್ಜಿಯ ಮನೆಯ ಹಿತ್ತಲಿನಲ್ಲೂ ತೆಂಗಿನ ಚಿಪ್ಪಿನಲ್ಲಿ ಕಾಫಿ ಹೊಯ್ಯುತ್ತಿದ್ದರು. ಆದರೆ ಅದು ಗದ್ದೆಯ ಕೆಲಸಕ್ಕೆ ಬಂದವರಿಗೆ ಮಾತ್ರ, ಅದೂ ಮೇಲಿನಿಂದ. ಕುಡಿದ ಚಿಪ್ಪನ್ನು ಎಸೆಯುತ್ತಿದ್ದರು. ಒಳಗೆ ನಮಗೆಲ್ಲ ಹಿತ್ತಾಳೆ ಲೋಟ. ಚಿಪ್ಪು ಮಣ್ಣಿಗೆ ಸೇರಿ ಗೊಬ್ಬರವಾಯಿತು, ಭೂಮಿಗೆ ಒಳ್ಳೆಯದೇ ಆಯಿತು. ಅದನ್ನು ಹಿಡಿದ ಕೈಗಳ ಲೆಕ್ಕ ಮಾತ್ರ ನಮ್ಮ ಯಾವ ಲೇಖನದಲ್ಲೂ ಬರುವುದಿಲ್ಲ.

ಮುಂದಿನ ಸಭೆಯಲ್ಲಿ ದಾರಿ ತೋರಿಸಿದವರೂ ಅವರೇ. "ಸಂಘದ್ದೇ ತಟ್ಟೆ ಇರಲಿ. ಯಾರ ಕೈಗೆ ಯಾವುದು ಬರುತ್ತೋ ಬರಲಿ. ಸರದಿ ಮೇಲೆ ಎಲ್ಲರೂ ಎಲ್ಲರದ್ದನ್ನೂ ತೊಳೆಯೋಣ. ಮೊದಲ ಸರದಿ ನನಗಿರಲಿ." ಹಾಗೆ ಓಕ್ ಟ್ರೀ ರೋಡಿನ ಪಾತ್ರೆ ಅಂಗಡಿಯಿಂದ 200 ಸ್ಟೀಲ್ ತಟ್ಟೆ, 200 ಲೋಟ ಬಂದವು. ದಾನಿಗಳ ಹೆಸರು ಕೆತ್ತಿಸೋಣ ಎಂಬ ಮಾತೂ ಬಂತು (ಪಾತ್ರೆ ಕಂಡ ಕೂಡಲೇ ಹೆಸರು ಕೆತ್ತಿಸಬೇಕು ಅನ್ನಿಸುವುದು ನಮ್ಮ ರಕ್ತದಲ್ಲೇ ಇದೆ). ಕೊನೆಗೆ ಸಂಘದ ಹೆಸರು ಮಾತ್ರ ಸಾಕು ಎಂದಾಯಿತು.

ತೊಳೆಯುವುದು ಹೇಗೆ ಎಂಬ ಚಿಂತೆ ಎಲ್ಲರಿಗೂ ಇತ್ತು. ಶಾಲೆಯ ಅಡುಗೆಮನೆ ನಮಗೆ ಸಿಗುವುದಿಲ್ಲ. ಆದ್ದರಿಂದ ಎಂಜಲನ್ನು ಬಕೆಟ್ಟಿಗೆ ಬಳಿದು, ತಟ್ಟೆಗಳನ್ನು ಕ್ರೇಟಿಗೆ ಹಾಕಿ, ಐದು ಮನೆಗೆ ನಲವತ್ತು ನಲವತ್ತು ಹಂಚುವುದು. ಇಲ್ಲೊಂದು ಮಾತು ಹೇಳಲೇಬೇಕು. ನಮ್ಮವರ ಮನೆಯ ಡಿಶ್‌ವಾಷರ್ ಎಂದರೆ ಪಾತ್ರೆ ಒಣಗಿಸುವ ಸ್ಟ್ಯಾಂಡು! ಕೈಯಲ್ಲೇ ತೊಳೆದು ಅದರೊಳಗೆ ಜೋಡಿಸುತ್ತೇವೆ. ಯಂತ್ರ ಹಾಕಿದರೆ ನೀರು, ಕರೆಂಟು ದಂಡ ಎಂಬ ಭಾವನೆ. ಲೆಕ್ಕ ಹಾಕಿ ನೋಡಿ. 2013ರ ಸರ್ಕಾರಿ ನಿಯಮದ ಪ್ರಕಾರ ತಯಾರಾದ ಸಾಮಾನ್ಯ ಅಳತೆಯ ಡಿಶ್‌ವಾಷರ್ ಒಂದು ಸಾರಿಗೆ 5 ಗ್ಯಾಲನ್ ನೀರು ಮೀರುವುದಿಲ್ಲ. ಅಡುಗೆಮನೆಯ ನಲ್ಲಿ ನಿಮಿಷಕ್ಕೆ 2.2 ಗ್ಯಾಲನ್‌ವರೆಗೆ ಸುರಿಯಬಹುದು. ನಲ್ಲಿ ಬಿಟ್ಟುಕೊಂಡು ಊರಿನವರ ಜೊತೆ ಫೋನಿನಲ್ಲಿ ಮಾತಾಡುತ್ತಾ ಹತ್ತು ನಿಮಿಷ ತೊಳೆದರೆ 22 ಗ್ಯಾಲನ್! ತುಂಬ ಪಾತ್ರೆ ಇದ್ದಾಗ ಯಂತ್ರವೇ ಮೇಲು. ಮೊದಲು ತೊಳೆದು ಆಮೇಲೆ ಯಂತ್ರಕ್ಕೆ ಹಾಕುವುದಂತೂ ಬೇಡವೇ ಬೇಡ, ಬಳಿದು ಹಾಕಿದರೆ ಸಾಕು.

ತಟ್ಟೆಗಿಂತ ದೊಡ್ಡ ಸಮಸ್ಯೆ ಅದರಲ್ಲಿ ಉಳಿಯುವ ಅನ್ನ ಎಂದು ಮೊದಲ ದಿನವೇ ಬಕೆಟ್ ನೋಡಿ ತಿಳಿಯಿತು. ಅಮೆರಿಕದ ಪರಿಸರ ಸಂಸ್ಥೆ ಇಪಿಎಯ 2018ರ ಲೆಕ್ಕದಲ್ಲಿ ಲ್ಯಾಂಡ್‌ಫಿಲ್‌ಗೆ ಹೋದ ಊರ ಕಸದಲ್ಲಿ ನೂರಕ್ಕೆ 24 ಪಾಲು ಆಹಾರವೇ. ಇಬ್ಬರು ಸದಸ್ಯರ ಹಿತ್ತಲಿನಲ್ಲಿ ಗೊಬ್ಬರದ ಡಬ್ಬ ಇದೆ, ತರಕಾರಿ ಸಿಪ್ಪೆ, ಕಾಫಿ ಚರಟ ಅಲ್ಲಿಗೆ ಹೋಗುತ್ತವೆ. ಬಿಸಿಬೇಳೆಭಾತ್ ಹಾಕಿದರೆ ಮಾತ್ರ ಮಾರನೆಯ ದಿನ ರಕೂನ್‌ಗಳ ಸಂತರ್ಪಣೆ. ಆದ್ದರಿಂದ ಎಷ್ಟು ಜನ ಬರುತ್ತೀರಿ ಎಂದು ಒಂದು ವಾರ ಮುಂಚೆ ತಿಳಿಸಿ. "ನೋಡೋಣ, ಬಂದರೆ ಬರ್ತೀವಿ" ಎನ್ನುವ ಒಂದೊಂದು ಮನೆಗೂ ನಾಲ್ಕು ಜನರ ಅಡುಗೆ ಹೆಚ್ಚಾಗುತ್ತದೆ. ಬಡಿಸುವವರು ಮಕ್ಕಳಿಗೆ ಮೊದಲು ಸ್ವಲ್ಪ ಹಾಕಿ, ಬೇಕೆಂದರೆ ಮತ್ತೆ ಹಾಕಿ. ಉಳಿದದ್ದನ್ನು ಒಯ್ಯಲು ಒಂದು ಡಬ್ಬಿ ತನ್ನಿ. ತಟ್ಟೆ ತರುವುದು ಬೇಡ, ಬುತ್ತಿ ಕಟ್ಟಿಕೊಂಡು ಹೋಗುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಕಳೆದ ದೀಪಾವಳಿ ಊಟಕ್ಕೆ ಕಸದ ಚೀಲ ಎರಡೇ ಆದವು. ಹಿರಿಯರು ಹೇಳಿದಂತೆ ಮೊದಲ ಕ್ರೇಟನ್ನು ತಾವೇ ಒಯ್ದರು. ಎರಡನೆಯದು ಆ ಎಡಿಸನ್ನಿನ ಹುಡುಗನ ಮನೆಗೆ ಹೋಯಿತು. ಮುಂದಿನ ಯುಗಾದಿಗೆ ಇನ್ನೂ ಎರಡು ಮನೆಯವರು ಸರದಿಗೆ ಬೇಕಾಗಿದ್ದಾರೆ. ಕ್ರೇಟು ಭಾರ ಇರುತ್ತದೆ, ಮಿನಿವ್ಯಾನ್ ಇದ್ದವರಾದರೆ ಅನುಕೂಲ. ತಟ್ಟೆಗಳು ಪೂರ್ತಿ 200 ವಾಪಸು ಬಂದಿವೆ. ಲೋಟ ಮಾತ್ರ 197 ಇವೆ. ದಯವಿಟ್ಟು ನಿಮ್ಮ ಕಾರಿನ ಹಿಂದಿನ ಸೀಟಿನ ಕೆಳಗೆ ಒಮ್ಮೆ ನೋಡಿ.