ಕಿವಿರೊಳಗಿನ ಬಿಡಾರ

ಮೀನು ಕೊಳ್ಳುವಾಗ ನಾವೆಲ್ಲ ಕಿವಿರು ಎತ್ತಿ, ಕೆಂಪಗಿದೆಯಾ ಅಂತ ನೋಡುತ್ತೇವೆ. ಸಮುದ್ರದ ಮೀನಾದರೆ ಇನ್ನೂ ಸ್ವಲ್ಪ ಒಳಗೆ ಕಣ್ಣಾಡಿಸಿ. ಒಮ್ಮೊಮ್ಮೆ ಅಲ್ಲಿ ಬೆಳ್ಳಗಿನ, ಗೆರೆಗೆರೆ ಬೆನ್ನಿನ ಜೀವಿಯೊಂದು 14 ಕೊಕ್ಕೆಗಾಲುಗಳಿಂದ ಕಚ್ಚಿಕೊಂಡಿರುತ್ತದೆ. ಅದು ಐಸೋಪಾಡ್, ಸಿಗಡಿ ಏಡಿಗಳ ದೂರದ ನೆಂಟ. ನೇತ್ರಾಣಿ ದ್ವೀಪದ ಸುತ್ತಲಿನಂಥ ಹವಳದ ದಿಬ್ಬಗಳ ಮೀನುಗಳಿಗೂ ಇಂಥವುಗಳ ಕಾಟ ತಪ್ಪಿದ್ದಲ್ಲ. ಐಸೋಪಾಡ್ ಮರಿಯಾಗಿದ್ದಾಗ ಈಜಿ ಬಂದು ಮೀನಿಗೆ ಅಂಟಿಕೊಳ್ಳುತ್ತದೆ. ಮೊದಲು ಗಂಡು, ಬೆಳೆದಂತೆ ಹೆಣ್ಣು! ಮೊಟ್ಟೆಗಳನ್ನು ಹೊಟ್ಟೆಯಡಿಯ ಚೀಲದಲ್ಲೇ ಕಾಪಾಡುತ್ತದೆ. ಉಸಿರಾಡುವ ಜಾಗದಲ್ಲೇ ಹೀಗೊಂದು ಸಂಸಾರ ಹೊತ್ತ ಮೀನನ್ನು ನೆನೆದರೆ ಸಂಕಟವಾಗುತ್ತದೆ. ಆ ಪುಟ್ಟ ಜೀವಿಯ ಜಾಣ್ಮೆಗೆ ಬೆರಗೂ ಆಗುತ್ತದೆ. ಕಂಡರೆ ಹೆದರಿ ಮೀನು ಎಸೆಯಬೇಡಿ. ಕಿವಿರು ತೆಗೆಸಿ, ತೊಳೆದು, ಚೆನ್ನಾಗಿ ಬೇಯಿಸಿ. ಇದು ಮನುಷ್ಯರಿಗೆ ಅಂಟುವ ಪರಾವಲಂಬಿ ಅಲ್ಲ.