ಗಾಲಿಕುರ್ಚಿಯ ಬ್ರೇಕು

ಅಮೆರಿಕದಲ್ಲಿ ಆಕ್ಯುಪೇಶನಲ್ ಥೆರಪಿಯ (ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆಯ) ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ತರಗತಿಯ ಅಂಕ ಮಾತ್ರ ಸಾಲದು. ಕೊನೆಯ ಹಂತದಲ್ಲಿ ಕನಿಷ್ಠ 24 ವಾರ ಆಸ್ಪತ್ರೆ, ಶಾಲೆ, ಪುನರ್ವಸತಿ ಕೇಂದ್ರಗಳಲ್ಲಿ ಪೂರ್ಣಾವಧಿ ಕೆಲಸ ಮಾಡಬೇಕು. ಅಲ್ಲಿನ ಮೌಲ್ಯಮಾಪನದಲ್ಲಿ ವೃತ್ತಿನೀತಿ, ಸುರಕ್ಷತೆಯ ಅಂಶಗಳಲ್ಲಿ ಎಡವಿದರೆ, ಮಿಕ್ಕದ್ದೆಲ್ಲ ಚೆನ್ನಾಗಿದ್ದರೂ ಫೇಲ್.

ಕಠಿಣ ನಿಯಮವೇ. ಆದರೂ ನನಗದು ಸರಿಯೆನಿಸುತ್ತದೆ. ಪಾರ್ಶ್ವವಾಯು ಬಡಿದ ಹಿರಿಯರೊಬ್ಬರು ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು, ಸ್ನಾನ ಮಾಡುವುದನ್ನು ಮತ್ತೆ ಮೊದಲಿಂದ ಕಲಿಯುತ್ತಿರುತ್ತಾರೆ. ತಮ್ಮ ಮಕ್ಕಳೆದುರೂ ತೋರಿಸದ ಅಸಹಾಯಕತೆಯನ್ನು ಇಪ್ಪತ್ತರ ಹರೆಯದ ಅಪರಿಚಿತ ವಿದ್ಯಾರ್ಥಿಯ ಎದುರು ಬಿಚ್ಚಿಡುತ್ತಾರೆ. ಗಾಲಿಕುರ್ಚಿಯ ಬ್ರೇಕು ಹಾಕಲು ಮರೆತ ಒಂದು ಕ್ಷಣಕ್ಕೆ ಅವರ ಸೊಂಟದ ಮೂಳೆ ಮುರಿಯಬಹುದು. ಅವರ ಕಥೆ ಯಾವುದೋ ವಾಟ್ಸಾಪ್ ಗುಂಪಿಗೆ ಹೋದರೆ ಮುರಿಯುವುದು ನಂಬಿಕೆ. ಅದಕ್ಕೆ ಪಟ್ಟಿ ಕಟ್ಟಲಾಗದು.

ಕಾಲೇಜುಗಳಲ್ಲಿ ನನ್ನದೊಂದೇ ಬೇಡಿಕೆ. ಈ 24 ವಾರಗಳಿಗೆ ಹೆಚ್ಚಿನ ಕಡೆ ಸಂಬಳವಿಲ್ಲ. ಶುಲ್ಕ, ಸಾಲ, ಮನೆಬಾಡಿಗೆ ತಲೆಯ ಮೇಲಿರುತ್ತದೆ. ಹಾಗಾಗಿ ತಪ್ಪು ಕಂಡ ವಾರವೇ ವಿದ್ಯಾರ್ಥಿಯನ್ನು ಎದುರು ಕೂರಿಸಿಕೊಂಡು ಹೇಳಿ, ಬರೆದುಕೊಡಿ, ತಿದ್ದಿಕೊಳ್ಳಲು ಸಮಯ ಕೊಡಿ. ಕೊನೆಯ ವಾರದವರೆಗೆ ಕಾಯಬೇಡಿ.